ತೂಫಾನಿಗೆ ಸಿಗದ ನೀರು ಎಲ್ಲಿದೆ?
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಡಗಿನ ಕೆಲಸದಿಂದ ನಿವೃತ್ತನಾಗಿ ಕಾರವಾರದ ಕೋಡಿಬಾಗದಲ್ಲಿ ನೆಲೆಸಿದ್ದೇನೆ. ನನ್ನಲ್ಲಿ 16 ಅಡಿ ಉದ್ದದ ಫೈಬರ್ ಹಾಯಿದೋಣಿಯೊಂದು ಮತ್ತು ಅದನ್ನು ಸಾಗಿಸುವ ಟ್ರೇಲರ್ ಇವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ದಂಡೆಯಲ್ಲಿ ಕಟ್ಟಿದ್ದ ದೋಣಿಯನ್ನು ರಾತ್ರಿಯಿಡೀ ಕಾಯುತ್ತ ಕುಳಿತವನಿಗೆ ಸಮುದ್ರದ ಸಹವಾಸ ಸಾಕೆನಿಸಿತು. ಒಳನಾಡಿನ ಯಾವುದಾದರೂ ಹಿನ್ನೀರಿಗೆ ದೋಣಿಯನ್ನು ಶಾಶ್ವತವಾಗಿ ಒಯ್ದುಬಿಡಬೇಕೆಂದಿದ್ದೇನೆ. ಕದ್ರಾ, ಸೂಪಾ, ಲಿಂಗನಮಕ್ಕಿ ಇವುಗಳಲ್ಲಿ ಯಾವುದು ಲೇಸು?
– ಒಬ್ಬ ಓದುಗರು, ಕಾರವಾರ

ಉತ್ತರ: ಮೂರರಲ್ಲಿ ಯಾವುದಕ್ಕೂ ಶಾಶ್ವತವಾಗಿ ಒಯ್ಯಬೇಡಿ. ಹಾಯಿ ಬಿಚ್ಚಿ ಓಡಾಡುವುದಕ್ಕೆ ಮಾತ್ರ ಒಂದನ್ನು ಆರಿಸಿಕೊಳ್ಳುವುದಾದರೆ, ಸೆಪ್ಟೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಲಿಂಗನಮಕ್ಕಿಯ ಹಿನ್ನೀರು, ಅದರಲ್ಲಿಯೂ ತಾಳಗುಪ್ಪದ ಕಡೆಯಿಂದ ಇಳಿಯಬಹುದಾದ ಹೊನ್ನೇಮರಡುವಿನ ದಂಡೆ, ನಿಮ್ಮಂಥವರಿಗೆ ಒಪ್ಪುವ ಜಾಗ. ಹೀಗೇಕೆ ಹೇಳುತ್ತೇನೆಂದರೆ, ಕರಾವಳಿಯವರು ಹಿನ್ನೀರನ್ನು ಆರಿಸುವಾಗ ನಕಾಶೆಯಲ್ಲಿ ಕಾಣುವ ನೀಲಿ ಬಣ್ಣವನ್ನು ನೋಡಿ ಆರಿಸುತ್ತಾರೆ; ಆ ನೀಲಿ ವರ್ಷದ ಯಾವ ತಿಂಗಳಿನದು ಎಂದು ಕೇಳುವುದಿಲ್ಲ.

ನಮ್ಮ ಕಡಲಿನಲ್ಲಿ ಚಂಡಮಾರುತಗಳು ಏಳುವುದಕ್ಕೆ ಎರಡು ಕಾಲಗಳಿವೆ: ಮುಂಗಾರಿಗೆ ಮುಂಚಿನ ಏಪ್ರಿಲ್‌ನಿಂದ ಜೂನ್ ಮೊದಲ ವಾರಗಳವರೆಗೆ ಒಂದು, ಹಿಂಗಾರಿನ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ನಡುವಿನ ಮಳೆಗಾಲದಲ್ಲಿ ಕೆಳಗಿನ ಗಾಳಿ ಒಂದು ದಿಕ್ಕಿಗೂ ಮೇಲಿನ ಗಾಳಿ ಇನ್ನೊಂದು ದಿಕ್ಕಿಗೂ ಬಲವಾಗಿ ಬೀಸುವುದರಿಂದ ಸುಳಿ ನೆಟ್ಟಗೆ ನಿಂತು ಬೆಳೆಯಲಾರದು. ಹಿಂಗಾರಿನ ಹೊತ್ತಿಗೆ ಜಲಾಶಯಗಳು ತುಂಬಿರುತ್ತವೆ, ಆದ್ದರಿಂದ ಆ ಕಾಲದಲ್ಲಿ ನಿಮ್ಮ ಯೋಚನೆ ಸರಿಯೇ. ಆದರೆ ತೌಕ್ತೆ ಬಂದದ್ದು ಮೇ ತಿಂಗಳ ನಡುವಿನಲ್ಲಿ. ವಿದ್ಯುತ್ತಿಗಾಗಿ ಎಂಟು ತಿಂಗಳು ನೀರು ಬಿಟ್ಟು ಬಿಟ್ಟು, ಹೊಸ ಮಳೆ ಇನ್ನೂ ಬಾರದೆ, ಜಲಾಶಯಗಳು ತಳ ಕಾಣುವಂತಾಗುವ ಹೊತ್ತು ಅದೇ. ಕಡಲಿನಿಂದ ಓಡಿಹೋಗಬೇಕೆಂದು ನಿಮಗೆ ಅನಿಸುವ ದಿನವೇ ನೀವು ಓಡಿಹೋಗುವ ಜಾಗದಲ್ಲಿ ನೀರು ಎಲ್ಲಕ್ಕಿಂತ ಕಡಿಮೆ ಇರುತ್ತದೆ. ದಂಡೆಯಿಂದ ನೀರಿನವರೆಗೆ ಬಿರಿದ ಕೆಸರು, ಅದರಲ್ಲಿ ಟ್ರೇಲರ್ ಇಳಿಸಿದರೆ ಎಳೆಯಲು ಟ್ರ್ಯಾಕ್ಟರ್ ತರಬೇಕು.

ಕೆಸರನ್ನಾದರೂ ಕಣ್ಣಿನಿಂದ ನೋಡಬಹುದು, ನೀರಿನೊಳಗಿನ ಮರಗಳನ್ನು ನೋಡಲಾಗದು. ನಮ್ಮ ಹಿನ್ನೀರುಗಳು ಕೆರೆಗಳಲ್ಲ, ಮುಳುಗಿದ ಊರುಗಳು ಮತ್ತು ಕಾಡುಗಳು. ಸೂಪಾ ಅಣೆಕಟ್ಟಿನ ಹಿಂದೆ ಹಳೆಯ ಸೂಪಾ ಊರೇ ಮಲಗಿದೆ. ಲಿಂಗನಮಕ್ಕಿಯ ನೀರಿನಡಿಯಲ್ಲಿ ಅದಕ್ಕಿಂತ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಇಡಿಯಾಗಿ ಮುಳುಗಿದ್ದು, ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಅದರ ಕಲ್ಲುಗಳು ಮೇಲೆ ಬರುತ್ತವೆ. ಕೆಲವು ವರ್ಷಗಳ ಹಿಂದೆ ಒಂದು ಏಪ್ರಿಲ್‌ನಲ್ಲಿ ನಾನು ಶರಾವತಿಯ ಹಿನ್ನೀರಿನಲ್ಲಿ ಗೆಳೆಯರೊಬ್ಬರ ಹಾಯಿದೋಣಿಯಲ್ಲಿದ್ದೆ. ಗಾಳಿ ಹದವಾಗಿತ್ತು, ನೀರು ಕನ್ನಡಿಯಂತಿತ್ತು. ದಂಡೆ ಎರಡು ಫರ್ಲಾಂಗು ದೂರವಿರುವಾಗ ದೋಣಿಯ ನಡುವಿನಿಂದ ಕೆಳಗೆ ಇಳಿಬಿಟ್ಟಿದ್ದ ಸೆಂಟರ್‌ಬೋರ್ಡ್ ಹಲಗೆಗೆ ಏನೋ ತಗುಲಿತು. ದೋಣಿ ನಿಲ್ಲಲಿಲ್ಲ, ಅಲ್ಲೇ ಬುಗುರಿಯಂತೆ ಒಂದು ಸುತ್ತು ತಿರುಗಿ ಹಾಯಿಯ ಅಡ್ಡಗಂಬ ನಮ್ಮಿಬ್ಬರ ತಲೆಯ ಮೇಲೆ ಸುಯ್ಯೆಂದು ಹಾಯಿತು. ಬಗ್ಗಿ ನೋಡಿದರೆ ನೀರಿನಿಂದ ಒಂದು ಗೇಣು ಕೆಳಗೆ, ತೊಗಟೆಯೆಲ್ಲ ಹೋಗಿ ಕಬ್ಬಿಣದಂತೆ ಕಪ್ಪಾದ ಮರದ ತುದಿ. ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ಅದು ನಮ್ಮಜ್ಜನ ಮನೆ ಹಿತ್ತಲಿನ ಹಲಸಿನ ಮರ ಮಾರಾಯ್ರೆ, ದೀಪಾವಳಿಗೆ ಬಂದಿದ್ರೆ ಇಪ್ಪತ್ತು ಅಡಿ ನೀರಿನ ಕೆಳಗಿರ್ತಿತ್ತು" ಎಂದರು. ಆ ಹಲಗೆಯ ಬಿರುಕು ತುಂಬಿಸಲು ಗೆಳೆಯರು ಒಂದು ತಿಂಗಳು ಓಡಾಡಿದರು.

ಆದ್ದರಿಂದ ಯಾವುದೇ ಹಿನ್ನೀರನ್ನು ಆರಿಸುವ ಮೊದಲು, ದೋಣಿಯನ್ನು ಮನೆಯಲ್ಲಿ ಬಿಟ್ಟು, ಮೇ ತಿಂಗಳ ಕೊನೆಯ ವಾರ ಒಮ್ಮೆ ಹೋಗಿ ದಂಡೆಯ ಮೇಲೆ ನಡೆದಾಡಿ ಬನ್ನಿ. ಎಲ್ಲಿ ಬುಡಗಳು ನಿಂತಿವೆ, ಎಲ್ಲಿ ಬಂಡೆ, ಎಲ್ಲಿ ಹಳೆಯ ರಸ್ತೆ ನೀರಿನೊಳಕ್ಕೆ ಇಳಿದಿದೆ ಎಂಬುದರ ಫೋಟೊ ತೆಗೆದಿಡಿ. ಹಳೆಯ ಡಾಂಬರು ರಸ್ತೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಇಳಿದಾಣ ಬೇರಿಲ್ಲ. ಅಕ್ಟೋಬರಿನಲ್ಲಿ ನೀರು ತುಂಬಿದಾಗ ಆ ಫೋಟೊಗಳೇ ನಿಮ್ಮ ಚಾರ್ಟ್. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ, ಸೂಪಾದ್ದು 564 ಮೀಟರ್. ಜಲಾಶಯದ ಮಟ್ಟ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಪೂರ್ಣ ಮಟ್ಟಕ್ಕಿಂತ ಎಷ್ಟು ಅಡಿ ಕೆಳಗಿದೆಯೆಂದು ನೋಡಿಕೊಂಡರೆ ಯಾವ ಮರ ಎಷ್ಟು ಆಳದಲ್ಲಿದೆಯೆಂದು ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು.

ಇನ್ನು ನೀವು ಹೆಸರಿಸಿದ ಮೂರನ್ನು ನೋಡೋಣ. ಕದ್ರಾ ನಿಮಗೆ ಹತ್ತಿರ, ಘಟ್ಟ ಹತ್ತುವ ಕಷ್ಟವಿಲ್ಲ; ಆದರೂ ಅದನ್ನು ಬಿಟ್ಟುಬಿಡಿ. ಕೈಗಾ ಅಣುವಿದ್ಯುತ್ ಕೇಂದ್ರ ತಂಪುಗೊಳಿಸಲು ನೀರು ತೆಗೆದುಕೊಳ್ಳುವುದು ಅದೇ ಜಲಾಶಯದಿಂದ, ಅಂಥ ನೀರಿನಲ್ಲಿ ಹಾಯಿ ಬಿಚ್ಚಿ ಗಾಳಿ ಒಯ್ದ ಕಡೆ ಹೋಗುತ್ತೇನೆಂದರೆ ಕಾವಲಿನವರು ಒಪ್ಪುವವರಲ್ಲ. ಅದೂ ಅಲ್ಲದೆ ಕದ್ರಾ ಕಾಳಿ ನದಿಯ ಕೊನೆಯ ಅಣೆಕಟ್ಟು. ಮೇಲಿನ ಕೊಡಸಳ್ಳಿಯಿಂದ ಬಂದ ನೀರೂ ತನ್ನದೇ ಹಳ್ಳಗಳ ನೀರೂ ಸೇರಿ ಒಂದೇ ರಾತ್ರಿಯಲ್ಲಿ ಗೇಟು ತೆಗೆಯುವ ಸ್ಥಿತಿ ಬರಬಹುದು. 2019ರ ಆಗಸ್ಟ್‌ನಲ್ಲಿ ಅದರ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದನ್ನು ನೀವೂ ನೋಡಿರುತ್ತೀರಿ.

ಸೂಪಾ ಎತ್ತರದಲ್ಲಿದೆ, ವಿಶಾಲವಾಗಿದೆ, 101 ಮೀಟರ್ ಎತ್ತರದ ಕಟ್ಟೆಯ ಹಿಂದೆ ನೂರಕ್ಕೂ ಹೆಚ್ಚು ಚದರ ಕಿಲೋಮೀಟರು ನೀರು ಹರಡಿಕೊಂಡಿದೆ. ನೋಡಿದವರಿಗೆ ಹಾಯಿ ಬಿಚ್ಚಬೇಕೆನಿಸುವುದು ಸಹಜ. ಆದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಿನ ನೀರು, ಕಟ್ಟೆ ವಿದ್ಯುತ್ ನಿಗಮದ್ದು. ಇಬ್ಬರ ಲಿಖಿತ ಅನುಮತಿ ಕೈಯಲ್ಲಿಲ್ಲದೆ ಟ್ರೇಲರ್ ಹೊರಡಿಸಬೇಡಿ. ಕೆಳಗಿನ ಬೊಮ್ಮನಹಳ್ಳಿಯ ಹಿನ್ನೀರನ್ನೂ ಕೆಲವರು ಹೇಳುತ್ತಾರೆ. ದಾಂಡೇಲಿಯ ಸುತ್ತ ಕಾಳಿಯಲ್ಲಿ ಮೊಸಳೆಗಳಿವೆ, ಹಾಯಿದೋಣಿ ಮಗುಚುವುದು ಅಪರೂಪವೂ ಅಲ್ಲ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಲಿಂಗನಮಕ್ಕಿ ಶಿವಮೊಗ್ಗ ಜಿಲ್ಲೆಯದಾದರೂ ಹೊನ್ನಾವರದಿಂದ ಜೋಗದ ದಾರಿಯಲ್ಲಿ ಹತ್ತಿದರೆ ನಮ್ಮವರಿಗೆ ದೂರವೇನಲ್ಲ. ಹೊನ್ನೇಮರಡುವಿನಲ್ಲಿ ಬಹಳ ವರ್ಷಗಳಿಂದ ಹರಿಗೋಲು, ಕಯಾಕ್‌ಗಳಲ್ಲಿ ಜಲಸಾಹಸದ ತರಬೇತಿ ನಡೆಯುತ್ತಿರುವುದರಿಂದ, ನೀರಿಗಿಳಿಯುವವರನ್ನು ಕಂಡರೆ ಅಲ್ಲಿಯವರಿಗೆ ಅಚ್ಚರಿಯಿಲ್ಲ, ಏನಾದರೂ ಆದರೆ ನೋಡುವ ಕಣ್ಣುಗಳಿವೆ. ಒಂಟಿಯಾಗಿ ಹಾಯಿ ಬಿಡುವವನಿಗೆ ಇದು ನೀರಿನ ಆಳಕ್ಕಿಂತ ದೊಡ್ಡ ಅನುಕೂಲ. ನಡುನಡುವೆ ಗುಡ್ಡದ ನೆತ್ತಿಗಳು ದ್ವೀಪಗಳಾಗಿ ನಿಂತಿರುವುದರಿಂದ ಗಾಳಿ ಜೋರಾದರೆ ಮರೆಗೆ ಸೇರಿಕೊಳ್ಳಬಹುದು.

ಗಾಳಿಯ ವಿಷಯ ಬಂದಿತಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಡಲಿನಲ್ಲಿ ಪಳಗಿದವರು ಒಳನಾಡಿನ ನೀರಿನಲ್ಲಿ ಮೋಸಹೋಗುವುದು ಇಲ್ಲಿಯೇ. ಚಂಡಮಾರುತ ಬದುಕುವುದು ಬೆಚ್ಚಗಿನ ಕಡಲಿನಿಂದ ಏಳುವ ಆವಿಯ ಮೇಲೆ. ಕಡಲ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಮಾತ್ರ ಅದು ಹುಟ್ಟಿ ಬಲಿಯುತ್ತದೆ. ನೆಲಕ್ಕೆ ಬಂದ ಕೂಡಲೇ ಆವಿ ಸಿಗದೆ, ಗುಡ್ಡ ಕಾಡುಗಳ ತಡೆಯೂ ಸೇರಿ ಸೊರಗುತ್ತದೆ. ನಮ್ಮಲ್ಲಂತೂ 2009ರ ನವೆಂಬರಿನ ಫಯಾನ್, 2019ರ ಅಕ್ಟೋಬರಿನ ಕ್ಯಾರ್, 2021ರ ತೌಕ್ತೆ ಇವೆಲ್ಲ ನಮ್ಮ ದಡಕ್ಕೆ ನೇರವಾಗಿ ಬಂದು ಅಪ್ಪಳಿಸದೆ ಕಡಲಿನಲ್ಲಿಯೇ ಸಾಗಿಹೋದವು. ಫಯಾನ್ ಅಲಿಬಾಗ್ ಮುಂಬಯಿಗಳ ನಡುವೆ, ತೌಕ್ತೆ ಗುಜರಾತಿನಲ್ಲಿ ನೆಲ ಮುಟ್ಟಿದರೆ, ಕ್ಯಾರ್ ಪಶ್ಚಿಮಕ್ಕೆ ತಿರುಗಿ ಕಡಲಿನಲ್ಲೇ ಕರಗಿತು. ಹೀಗಾಗಿ ಘಟ್ಟ ಹತ್ತಿದ ಮೇಲೆ ಚಂಡಮಾರುತದ ಗಾಳಿಯ ಭಯ ನಿಮಗೆ ಬಹುಮಟ್ಟಿಗೆ ಇಲ್ಲ.

ಆದರೆ ಅದಕ್ಕೆ ಬದಲಾಗಿ ಇನ್ನೊಂದನ್ನು ತಲೆಯ ಮೇಲೆ ಎಳೆದುಕೊಳ್ಳುತ್ತೀರಿ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಮೇಲೆ ಘಟ್ಟದ ಮೇಲೆ ಕಟ್ಟುವ ಗುಡುಗು ಮಳೆಯನ್ನು ಜೋಯಿಡಾ, ಯಲ್ಲಾಪುರ, ಶಿರಸಿಯ ಕಡೆಯವರು ಬಲ್ಲರು. ಚಂಡಮಾರುತದ ವಿಷಯದಲ್ಲಿ ಹವಾಮಾನ ಇಲಾಖೆ ಮೂರು ದಿನ ಮುಂಚಿನಿಂದಲೇ ಎಚ್ಚರಿಕೆ ಕೊಡತೊಡಗುತ್ತದೆ. 72 ತಾಸಿಗೆ ಮೊದಲು ಒಂದು, 48 ತಾಸಿಗೆ ಇನ್ನೊಂದು, 24 ತಾಸಿಗೆ ಮತ್ತೊಂದು. ಬಂದರಿನಲ್ಲಿ ಮೂರನೇ ನಂಬರಿನ ಎಚ್ಚರಿಕೆಯ ಸಿಗ್ನಲ್ ಏರಿದರೆ ಕಾರವಾರದ ಮೀನುಗಾರರ ಬೈತಖೋಲದ ಮಕ್ಕಳಿಗೂ ಅರ್ಥವಾಗುತ್ತದೆ. ಗುಡುಗು ಮಳೆಯ ಗಾಳಿಗೆ ಅಂಥ ಸೌಜನ್ಯವಿಲ್ಲ. ಹತ್ತು ನಿಮಿಷದ ಹಿಂದೆ ಎಲೆ ಅಲುಗದಿದ್ದ ಕಣಿವೆಯಲ್ಲಿ ಒಮ್ಮೆಲೇ ತಣ್ಣನೆಯ ಗಾಳಿ ಗುಡ್ಡದಿಂದ ಕೆಳಗೆ ಸುರಿದು, ದಿಕ್ಕು ಬದಲಿಸುತ್ತ, ಹಾಯಿಯನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಬಡಿಯುತ್ತದೆ. ಅದರ ಜೊತೆಗೆ ಸಿಡಿಲು. ಹಲವು ಕಿಲೋಮೀಟರು ಬರಿಯ ನೀರಿನ ನಡುವೆ ಎದ್ದು ನಿಂತ ಒಂದೇ ವಸ್ತು ನಿಮ್ಮ ದೋಣಿಯ ಅಲ್ಯೂಮಿನಿಯಂ ಹಾಯಿಕಂಬ. ಮಿಂಚು ಕಂಡ ಮೇಲೆ ಗುಡುಗು ಕೇಳುವುದಕ್ಕೆ ಮೂವತ್ತು ಎಣಿಸುವುದರೊಳಗಾದರೆ ನೀವು ಆಗಲೇ ದಂಡೆಯಲ್ಲಿರಬೇಕಿತ್ತು. ಬೇಸಿಗೆಯಲ್ಲಿ ಹಿನ್ನೀರಿಗೆ ಹೋದರೆ ಮಧ್ಯಾಹ್ನ ಎರಡು ಗಂಟೆಯೊಳಗೆ ಹಾಯಿ ಇಳಿಸುವ ರೂಢಿ ಇಟ್ಟುಕೊಳ್ಳಿ.

ಅಲೆಗಳ ವಿಷಯದಲ್ಲಿ ಅಷ್ಟು ಹೆದರಬೇಕಿಲ್ಲ. ಅಲೆ ಬೆಳೆಯಲು ಗಾಳಿಗೆ ಓಡುವ ದೂರ ಬೇಕು. ಐದು ಕಿಲೋಮೀಟರು ಉದ್ದದ ನೀರಿನ ಮೇಲೆ ತಾಸಿಗೆ 35 ಕಿಲೋಮೀಟರಿನ ಗಾಳಿ ಬೀಸಿದರೂ ಒಂದಡಿ ಒಂದೂಕಾಲಡಿಯ ಅಲೆ ಏಳಬಹುದು. ಆದರೆ ಅವು ಒತ್ತೊತ್ತಾಗಿ, ಚೂಪಾಗಿ ಬರುವುದರಿಂದ ಕಡಲಿನ ದೊಡ್ಡ ಉಬ್ಬರಕ್ಕೆ ಒಗ್ಗಿದ ಸೊಂಟಕ್ಕೆ ಮೊದಲ ದಿನ ಹಿತವಾಗುವುದಿಲ್ಲ.

ಹಾಗಾದರೆ ಮೇ ತಿಂಗಳಲ್ಲಿ ತೂಫಾನು ಬಂದರೆ ದೋಣಿ ಎಲ್ಲಿರಬೇಕು? ನೀರಿನ ಹೊರಗೆ, ನಿಮ್ಮ ಟ್ರೇಲರ್ ಮೇಲೆ. ನಿಮ್ಮ ಪತ್ರದಲ್ಲಿ ಟ್ರೇಲರ್ ಇದೆಯೆಂದು ಓದಿದಾಗಲೇ ಅರ್ಧ ಉತ್ತರ ಸಿಕ್ಕಿತ್ತು. ಮೂರು ದಿನದ ಎಚ್ಚರಿಕೆ ಇರುವಾಗ 16 ಅಡಿಯ ದೋಣಿಯನ್ನು ಅರ್ಧ ದಿನದಲ್ಲಿ ಮೇಲೆತ್ತಬಹುದು. ಹಾಯಿಯನ್ನು ಸುತ್ತಿ ಮನೆಯೊಳಗಿಡಿ, ಹಾಯಿಕಂಬವನ್ನು ಬಿಚ್ಚಿ ಮಲಗಿಸಿ, ದೋಣಿಯ ಮುಂದೆ ಹಿಂದೆ ಎರಡೂ ಕಡೆ ನೆಲಕ್ಕೆ ಗೂಟ ಹೊಡೆದು ಬಿಗಿಯಿರಿ. ತಳದ ಬೂಚನ್ನು ಮಾತ್ರ ಮರೆಯದೆ ತೆಗೆದಿಡಿ. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮೂರಿನಲ್ಲಿ ಬೂಚು ಹಾಕಿದ ದೋಣಿ ಒಂದು ರಾತ್ರಿಯಲ್ಲಿ ತೊಟ್ಟಿಯಾಗುತ್ತದೆ. ಒಂದು ಘನ ಮೀಟರು ನೀರಿನ ತೂಕ ಒಂದು ಟನ್, ಟ್ರೇಲರಿನ ಅಚ್ಚು ಮುರಿಯಲು ಅಷ್ಟು ಸಾಕು. ತೆಂಗಿನ ಮರದ ಬುಡದಲ್ಲಿ ಎಂದೂ ನಿಲ್ಲಿಸಬೇಡಿ. ಇದನ್ನು ನಿಮಗೆ ಹೇಳಬೇಕಾಗಿಲ್ಲ, ಆದರೂ ನಮ್ಮ ಕಡೆ ದೋಣಿಗಳ ತೂತುಗಳಲ್ಲಿ ಅರ್ಧ ತೆಂಗಿನಕಾಯಿಯವೇ.

ಟ್ರೇಲರನ್ನು ಘಟ್ಟ ಹತ್ತಿಸುವ ವಿಷಯ ಒಂದಿದೆ. ಅಣಶಿ, ಅರಬೈಲು ಘಟ್ಟಗಳ ರಸ್ತೆ 2021ರ ಜುಲೈನಲ್ಲಿ ಕುಸಿದದ್ದು, ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡವೇ ಹೆದ್ದಾರಿಗೆ ಬಂದದ್ದು ನಮಗೆ ಗೊತ್ತಿರುವಾಗ, ಮಳೆಗಾಲದ ನಡುವೆ ದೋಣಿ ಕಟ್ಟಿಕೊಂಡು ಹೊರಡುವುದು ಬೇಡ. ಹಬ್ಬಗಳು ಮುಗಿದು ಬಿಸಿಲು ಬಿದ್ದ ಮೇಲೆ ಹತ್ತಿ, ಶಿವರಾತ್ರಿಯ ಹೊತ್ತಿಗೆ ಇಳಿಯಿರಿ. ಜೂನ್ ಜುಲೈ ಆಗಸ್ಟಿನಲ್ಲಿಯೂ ಹಾಯಿ ಬಿಡಬೇಕೆಂಬ ಹಂಬಲವಿದ್ದರೆ, ದೋಣಿಯನ್ನು ಇಲ್ಲಿಯೇ ಬಿಟ್ಟು ನೀವು ಹೈದರಾಬಾದಿಗೆ ಹೋಗಿ ಬನ್ನಿ. 16ನೇ ಶತಮಾನದಲ್ಲಿ ಕಟ್ಟಿದ ಹುಸೇನ್ ಸಾಗರದಲ್ಲಿ ಮುಂಗಾರಿನ ಗಾಳಿ ನಮ್ಮಲ್ಲಿಯಷ್ಟು ಮಳೆಯಿಲ್ಲದೆ ಬೀಸುವ ಜುಲೈ ತಿಂಗಳೇ ಹಾಯಿಸ್ಪರ್ಧೆಗಳ ಕಾಲ. ನಮ್ಮ ಅರಬ್ಬಿ ಕಡಲು ಮುಚ್ಚಿರುವಾಗ ದಖ್ಖನ್ನಿನ ಕೆರೆ ತೆರೆದಿರುತ್ತದೆ.

ಪ್ರಶ್ನೆ: ನಮ್ಮ ಮಗಳು ಅಳಿಯ ಅಮೆರಿಕದ ಫ್ಲಾರಿಡಾದಲ್ಲಿದ್ದಾರೆ. 27 ಅಡಿಯ ಹಾಯಿದೋಣಿಯೊಂದನ್ನು ಕೊಂಡಿದ್ದು, ಹರಿಕೇನ್‌ಗೆ ಹೆದರಿ ಅದನ್ನು ಒಕೀಚೋಬಿ ಎಂಬ ದೊಡ್ಡ ಸರೋವರದಲ್ಲಿಡುವ ಯೋಚನೆಯಲ್ಲಿದ್ದಾರೆ. ಅಳಿಯಂದಿರು ಎಲ್ಲವನ್ನೂ ನಗುತ್ತಲೇ ಹೇಳುತ್ತಾರೆ, ನಮಗೆ ಮಾತ್ರ ಜೀವ ಹಿಡಿಯಲ್ಲಿರುತ್ತದೆ. ಅಲ್ಲಿ ಸುರಕ್ಷಿತವೇ?
– ಒಬ್ಬ ಓದುಗರು, ಶಿರಸಿ

ಉತ್ತರ: ಅಳಿಯಂದಿರಿಗೆ ಹೇಳಿ, ಬೇಡ. ಹರಿಕೇನ್ ಎಂದರೆ ನಮ್ಮ ಚಂಡಮಾರುತವೇ. ಅಟ್ಲಾಂಟಿಕ್ ಕಡೆ ತಾಸಿಗೆ 119 ಕಿಲೋಮೀಟರು ಮೀರಿದರೆ ಆ ಹೆಸರು, ನಮ್ಮಲ್ಲಿ 62 ಮುಟ್ಟಿದರೇ ಚಂಡಮಾರುತ. ಅಲ್ಲಿನ ಋತು ಜೂನ್ 1ರಿಂದ ನವೆಂಬರ್ 30ರವರೆಗೆ.

ಒಳನಾಡಿನ ನೀರೆಲ್ಲ ಸುರಕ್ಷಿತವೆಂಬ ನಂಬಿಕೆಗೆ ಒಕೀಚೋಬಿಯೇ ದೊಡ್ಡ ಅಪವಾದ. ಸುಮಾರು 1,900 ಚದರ ಕಿಲೋಮೀಟರು ಹರಡಿದ ಆ ಸರೋವರದ ಸರಾಸರಿ ಆಳ ಒಂಬತ್ತು ಅಡಿಯ ಆಸುಪಾಸು, ಅಂದರೆ ನಿಮ್ಮ ಅಂಗಳದ ಬಾವಿಯಷ್ಟೂ ಇಲ್ಲ. ಅಗಲವಾದ ಹರಿವಾಣದಲ್ಲಿ ತೆಳ್ಳಗೆ ನೀರು ಹಾಕಿ ಒಂದು ಕಡೆಯಿಂದ ಜೋರಾಗಿ ಊದಿ ನೋಡಿ. ನೀರು ಇನ್ನೊಂದು ಅಂಚಿಗೆ ಹೋಗಿ ಉಕ್ಕುತ್ತದೆ. ಆಳವಾದ ನೀರಿನಲ್ಲಿ ಮೇಲೆ ತಳ್ಳಲ್ಪಟ್ಟ ನೀರು ಕೆಳಗಿನಿಂದ ಹಿಂದಿರುಗಲು ಜಾಗವಿರುತ್ತದೆ, ತೆಳುವಾದ ನೀರಿನಲ್ಲಿ ಇರುವುದಿಲ್ಲ. 1928ರ ಸೆಪ್ಟೆಂಬರಿನಲ್ಲಿ ಒಂದು ಹರಿಕೇನ್ ಆ ಸರೋವರದ ಮೇಲೆ ಹಾದುಹೋದಾಗ ಉತ್ತರದ ಗಾಳಿ ನೀರನ್ನೆಲ್ಲ ದಕ್ಷಿಣದ ದಂಡೆಗೆ ತಳ್ಳಿ, ಅಲ್ಲಿದ್ದ ಮಣ್ಣಿನ ಒಡ್ಡು ಒಡೆದು, ಕಡಲಿನಿಂದ ಹತ್ತಾರು ಕಿಲೋಮೀಟರು ದೂರದ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದ ಬಡವರು ಮುಳುಗಿದರು. ಸತ್ತವರು ಕಡಿಮೆಯೆಂದರೂ 2,500 ಎಂಬುದು ಅಲ್ಲಿಯವರ ಲೆಕ್ಕ. ಆ ಮೇಲೆ ಸುತ್ತಲೂ ಕಟ್ಟಿದ ದೊಡ್ಡ ಒಡ್ಡಿಗೆ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಹೆಸರಿದೆ. ಫ್ಲಾರಿಡಾ ನಮ್ಮ ಸೀಮೆಯಂತಲ್ಲ. ಅಲ್ಲಿ ಗಾಳಿಗೆ ಅಡ್ಡ ನಿಲ್ಲಲು ಸಹ್ಯಾದ್ರಿಯಿಲ್ಲ, ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಚಾಪೆ ಹಾಸಿದಂತೆ ಸಮತಟ್ಟು. 2005ರಲ್ಲಿ ವಿಲ್ಮಾ ಎಂಬ ಹರಿಕೇನ್ ಪಶ್ಚಿಮದಿಂದ ನುಗ್ಗಿ ಕೆಲವೇ ತಾಸಿನಲ್ಲಿ ಪೂರ್ವಕ್ಕೆ ದಾಟಿತು.

ಅಲ್ಲಿನ ಜಾಣ ದೋಣಿಯವರು ಮಾಡುವುದು ಬೇರೆ. ಆ ಸರೋವರದ ಮೂಲಕ ಎರಡೂ ಕಡಲುಗಳನ್ನು ಕೂಡಿಸುವ ಕಾಲುವೆ ಮಾರ್ಗವೊಂದಿದೆ. ಅದರ ದಂಡೆಯ ದೋಣಿಯಂಗಳಗಳಲ್ಲಿ ಋತು ಮುಗಿಯುವವರೆಗೆ ದೋಣಿಯನ್ನು ನೆಲಕ್ಕೆತ್ತಿ, ಹಾಯಿಕಂಬ ಇಳಿಸಿ, ಬಿಗಿದಿಡುತ್ತಾರೆ. ಹೊರಡುವಾಗ ಎಚ್ಚರವಿರಲಿ: ದಾರಿಯಲ್ಲಿ ಪೋರ್ಟ್ ಮಯಾಕಾದ ರೈಲು ಸೇತುವೆಯ ಕೆಳಗೆ 49 ಅಡಿಗಿಂತ ಎತ್ತರದ ಕಂಬ ಹಾಯುವುದಿಲ್ಲ, 27 ಅಡಿಯ ದೋಣಿಗೆ ಅದು ತೊಂದರೆಯಾಗಲಿಕ್ಕಿಲ್ಲ, ಆದರೆ ಹರಿಕೇನ್ ಹತ್ತಿರವಾದಂತೆ ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಾಲುವೆಯ ಗೇಟುಗಳನ್ನು (ಲಾಕ್‌ಗಳನ್ನು) ಮುಚ್ಚುತ್ತಾರೆ, ಆದ್ದರಿಂದ ಕೊನೆಯ ದಿನ ಹೊರಟವನು ಗೇಟಿನೆದುರು ನಿಲ್ಲುತ್ತಾನೆ.

ಇನ್ನೂ ಉತ್ತರಕ್ಕೆ, ಜಾರ್ಜಿಯಾದ ಲೇನಿಯರ್‌ನಂಥ ಜಲಾಶಯಗಳಿಗೆ ಒಯ್ದರೆ ಕಡಲು ನೂರಾರು ಕಿಲೋಮೀಟರು ದೂರವಾಗುತ್ತದೆ, ಗಾಳಿಯ ಮಟ್ಟಿಗೆ ಅದು ನಿಜವಾದ ಆಶ್ರಯ. ಅಲ್ಲಿಯೂ ನಮ್ಮ ಲಿಂಗನಮಕ್ಕಿಯ ಕಥೆಯೇ: 2007ರ ಬರಗಾಲದಲ್ಲಿ ನೀರು ಪೂರ್ಣ ಮಟ್ಟಕ್ಕಿಂತ ಸುಮಾರು 20 ಅಡಿ ಇಳಿದಿತ್ತು. ಗುಡ್ಡಗಾಡಿನ ಕೆರೆಗಳಲ್ಲಿ ಗಾಳಿಯ ಬದಲು ಮಳೆಯನ್ನು ನೋಡಬೇಕು. 2024ರ ಸೆಪ್ಟೆಂಬರ್ ಕೊನೆಗೆ ಹೆಲೀನ್ ಹರಿಕೇನ್ ಫ್ಲಾರಿಡಾದಲ್ಲಿ ನೆಲ ಮುಟ್ಟಿ, ಗಾಳಿ ಸೊರಗಿದ ಮೇಲೂ ಉತ್ತರ ಕ್ಯಾರೊಲಿನಾದ ಬೆಟ್ಟಗಳಲ್ಲಿ ಸುರಿಸಿದ ಮಳೆಗೆ ಲೇಕ್ ಲೂರ್ ಎಂಬ ಚೆಂದದ ಸರೋವರ ಮೇಲಿನ ಊರಿನ ಮನೆ ಮರಗಳ ಅವಶೇಷಗಳಿಂದ ತುಂಬಿ, ನೀರೇ ಕಾಣದಂತಾಯಿತು. ಕಿರಿದಾದ ಕಣಿವೆಯ ಬಾಯಿಯಲ್ಲಿರುವ ಕೆರೆಯನ್ನು ಬಿಟ್ಟು, ಹಲವು ಕವಲುಗಳಿರುವ ವಿಶಾಲ ಜಲಾಶಯದ ಪಕ್ಕದ ಕವಲೊಂದನ್ನು ಹುಡುಕಲಿ.

ಪ್ರಶ್ನೆ: ಹೊನ್ನಾವರದ ಕಾಸರಕೋಡಿನಲ್ಲಿ ನಮ್ಮದೊಂದು ಹಳೆಯ ಮರದ ದೋಣಿಯಿದೆ, ಹಾಯಿಯೂ ಇದೆ. ತೂಫಾನಿನ ಸುದ್ದಿ ಬಂದಾಗಲೆಲ್ಲ ಶರಾವತಿಯಲ್ಲಿ ಮೇಲಕ್ಕೆ ಗೇರುಸೊಪ್ಪೆಯ ಕಡೆ ಒಯ್ದು ಕಟ್ಟಬಹುದೇ? ಸಿಹಿನೀರಿನಲ್ಲಿ ಮರ ಕೊಳೆಯುತ್ತದೆಂದು ಮನೆಯಲ್ಲಿ ಹಿರಿಯರು ಬೇಡವೆನ್ನುತ್ತಾರೆ.
– ಒಬ್ಬ ಓದುಗರು, ಹೊನ್ನಾವರ

ಉತ್ತರ: ಹಿರಿಯರ ಮಾತು ಅರ್ಧ ನಿಜ. ಕೊಳೆಸುವುದು ದೋಣಿಯ ಹೊರಗಿನ ನದಿನೀರಿಗಿಂತ ಹೆಚ್ಚಾಗಿ ಒಳಗೆ ಹಲಗೆಗಳ ಸಂದಿಯಲ್ಲಿ ನಿಲ್ಲುವ ಮಳೆನೀರು. ಉಪ್ಪುನೀರು ತಾಗುತ್ತಿದ್ದರೆ ಕೊಳೆಸುವ ಬೂಷ್ಟು ಬೆಳೆಯದು. ಹಾಗೆಂದು ಸಿಹಿನೀರು ಕೇವಲ ಶತ್ರುವಲ್ಲ. ಕಡಲಿನಲ್ಲಿ ಮರವನ್ನು ಒಳಗಿಂದೊಳಗೆ ಕೊರೆದು ಜಾಲರಿ ಮಾಡುವ ಹುಳಕ್ಕೆ ಉಪ್ಪಿಲ್ಲದ ನೀರಿನಲ್ಲಿ ಬದುಕಿಲ್ಲ. ಹಿಂದಿನ ಕಾಲದ ಹಾಯಿಹಡಗಿನವರು ಹುಳ ಸಾಯಲೆಂದೇ ಹಡಗುಗಳನ್ನು ನದಿಯೊಳಗೆ ತಂದು ನಿಲ್ಲಿಸುತ್ತಿದ್ದರು. ಕೆಲವು ದಿನದ ಮಟ್ಟಿಗೆ ಮೇಲೆ ಹೋಗಿಬಂದರೆ ನಿಮ್ಮ ದೋಣಿಗೆ ಲಾಭವೇ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ದೋಣಿ ಒಂದು ಕೂದಲೆಳೆಯಷ್ಟು ಹೆಚ್ಚು ಮುಳುಗುತ್ತದೆ, ಅದನ್ನು ಲೆಕ್ಕಕ್ಕಿಡಬೇಡಿ.

ಲೆಕ್ಕಕ್ಕಿಡಬೇಕಾದದ್ದು ಕಟ್ಟೆಯನ್ನು. ಮೇ ತಿಂಗಳಲ್ಲಿ ಲಿಂಗನಮಕ್ಕಿ ಖಾಲಿಯಾಗಿರುವುದರಿಂದ ಮೇಲಿನಿಂದ ಹಠಾತ್ತನೆ ನೀರು ಬರುವ ಭಯ ಕಡಿಮೆ, ಆಗ ಧಾರಾಳವಾಗಿ ಹೋಗಿ. ಅಕ್ಟೋಬರಿನಲ್ಲಿ ಕಟ್ಟೆ ತುಂಬಿ ತುಳುಕುತ್ತಿರುವಾಗ ತೂಫಾನಿನ ಮಳೆಯೂ ಸೇರಿದರೆ ಗೇರುಸೊಪ್ಪೆಯ ಗೇಟುಗಳು ತೆರೆಯಬಹುದು. ಆ ಕಾಲದಲ್ಲಿ ಮುಖ್ಯ ಹರಿವಿನಲ್ಲಿ ದೋಣಿ ಕಟ್ಟುವುದಕ್ಕಿಂತ ಅಳಿವೆಯೊಳಗೆ ಮಾವಿನಕುರ್ವೆಯ ಹಿಂದಿನ ಕವಲುಗಳಂಥ ಮರೆಯ ಜಾಗವೇ ಮೇಲು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕೆಸರಿನ ತಳದಲ್ಲಿ ಎರಡು ಲಂಗರು ಬಿಡಿ, ಹಗ್ಗವನ್ನು ಉಬ್ಬರದ ನೀರು ಏರಿದಾಗಲೂ ಸಾಲುವಷ್ಟು ಉದ್ದ ಕೊಡಿ, ಗಿಡಕ್ಕೆ ಮಾತ್ರ ಕಟ್ಟಬೇಡಿ. ಮೇಲೆ ಹೋಗುವುದಾದರೆ ಸೇತುವೆಗಳ ಕೆಳಗೆ ಹಾಯುವ ಮೊದಲು ಹಾಯಿಕಂಬ ಇಳಿಸಿರಲಿ. ನದಿಗೆ ಅಡ್ಡವಾಗಿ ಎಳೆದ ವಿದ್ಯುತ್ ತಂತಿಗಳನ್ನೂ ನೋಡಿಕೊಳ್ಳಿ. ಸೇತುವೆ ಕಣ್ಣಿಗೆ ಕಾಣುತ್ತದೆ, ಮೋಡದ ಸಂಜೆಯಲ್ಲಿ ತಂತಿ ಕಾಣುವುದಿಲ್ಲ.